ಹೊರಗಿನ ಸಾಲಿಗೆ ಮೊದಲು

ಆಗಿನ ಜನ ದೊಡ್ಡ ಮನಸ್ಸಿನವರು, ಹಸಿದ ಮಕ್ಕಳಿಗೆ ಉಣಿಸದೆ ತಾವು ಉಣ್ಣುತ್ತಿರಲಿಲ್ಲ ಎಂದು ಯಾರಾದರೂ ಶುರು ಮಾಡಿದರೆ ನನಗೆ ಈಗಲೂ ಪಿತ್ತ ನೆತ್ತಿಗೇರುತ್ತದೆ. ಮಕ್ಕಳಿಗೆ ಹೇಗೆ ಉಣಿಸುತ್ತಾರೆ ನೋಡಿ ಬಾ ಎಂದು ಆಗ ಸರ್ಕಾರ ಕಳಿಸಿದ ಮನುಷ್ಯ ನಾನು. ನೋಡಿದೆ, ಬರೆದೆ, ತಪ್ಪು ಬರೆದೆ. ಹಾಗಾಗಿ ಈ ಸಿಟ್ಟಿನಲ್ಲಿ ದೊಡ್ಡ ಪಾಲು ನನಗೇ ಸೇರಬೇಕು.

ನಾನಾಗ ಕುಷ್ಟಗಿಯ ಶಾಲೆಯಲ್ಲಿ ಹೊಸ ಮಾಸ್ತರ. ನಿಜಾಮರ ಕಾಲ, ಹೊರಗೆಲ್ಲೋ ಯುದ್ಧ. ರೈತರಿಂದ ಲೆವಿ ಎಂದು ಎತ್ತಿದ ಜೋಳದಲ್ಲಿ ಕೆಲವು ಚೀಲಗಳನ್ನು ಶಾಲೆಗಳಿಗೆ ಬಿಟ್ಟು, ಮಧ್ಯಾಹ್ನ ಮಕ್ಕಳಿಗೆ ನುಚ್ಚಂಬಲಿ ಕಾಸಿ ಹಾಕಿರೆಂದು ಹುಕುಂ ಆಗಿತ್ತು. ಒಡೆದ ಜೋಳವನ್ನು ನೀರಲ್ಲಿ ಬೇಯಿಸಿ ಮಜ್ಜಿಗೆ ಬೆರೆಸಿದರೆ ನುಚ್ಚಂಬಲಿ. ಅದು ಸರಿಯಾಗಿ ನಡೆಯುತ್ತಿದೆಯೇ, ಮಕ್ಕಳಿಗೆ ಕಸುವು ಬರುತ್ತಿದೆಯೇ ಎಂದು ಹಳ್ಳಿಗಳಿಗೆ ಹೋಗಿ ವರದಿ ಬರೆಯಲು ನನ್ನನ್ನು ಆರಿಸಿದರು. ಅಡುಗೆಯ ಬಗ್ಗೆ ನನಗೇನೂ ಗೊತ್ತಿರಲಿಲ್ಲ. ನನ್ನ ಉರ್ದು ಅಕ್ಷರ ಚೆಂದವಿತ್ತು, ಅಷ್ಟೇ.

ತಾವರಗೇರಾದ ಹತ್ತಿರದ ಒಂದು ಊರಿಗೆ ಸಂತೆಯ ಬಂಡಿಯಲ್ಲಿ ಹೋದೆ. ಹೆಡ್‌ಮಾಸ್ತರರು ಶಾಲೆಯ ಬಾಗಿಲಲ್ಲೇ ಕಾದಿದ್ದರು. ಜೋಳಕ್ಕೆ ಹುಳ ಬಿದ್ದಿರಲಿಲ್ಲ, ಮಜ್ಜಿಗೆ ಹುಳಿಯಾಗಿರಲಿಲ್ಲ. ಕೇರಿಯ ಮಕ್ಕಳು ಕಟ್ಟೆಯ ಕೆಳಗೆ ಅಂಗಳದಲ್ಲಿ ಒಂದು ಸಾಲು, ಉಳಿದವರು ಪಡಸಾಲೆಯ ಒಳಗೆ ಮೂರು ಸಾಲು. ಅದು ಎಲ್ಲ ಊರಲ್ಲೂ ಇದ್ದದ್ದೇ ಎಂದು ನಾನು ಅದರ ಬಗ್ಗೆ ಒಂದು ಅಕ್ಷರ ಬರೆಯಲಿಲ್ಲ. ನನಗೆ ಆಶ್ಚರ್ಯವಾದದ್ದು ಬೇರೆ. ಬಡಿಸುವವನು ಹಂಡೆಯನ್ನು ಕಟ್ಟೆಯ ಅಂಚಿಗೆ ಎಳೆದು, ಮೊದಲು ಹೊರಗಿನ ಸಾಲಿನ ತಾಟುಗಳಿಗೆ ಮೇಲಿನಿಂದ ಸುರುವಿದ. ಆಮೇಲೆ ಒಳಗೆ ಹೋದ.

"ನೋಡ್ರಿ, ನಮ್ಮಲ್ಲಿ ಹೊರಗಿನ ಸಾಲಿಗೆ ಮೊದಲು," ಎಂದರು ಹೆಡ್‌ಮಾಸ್ತರರು. "ಬಡವರ ಮಕ್ಕಳು, ಹಸದಿರ್ತಾವ. ಅವಕ್ಕ ಹಾಕಿದ ಮ್ಯಾಲೇ ಉಳಿದವರಿಗೆ."

ನನ್ನ ಕಣ್ಣು ತುಂಬಿ ಬಂತು. ಎಲ್ಲ ಕಡೆ ಕೊನೆಗೆ ಉಣ್ಣುವವರು ಇಲ್ಲಿ ಮೊದಲು ಉಣ್ಣುತ್ತಿದ್ದಾರಲ್ಲ ಎಂದುಕೊಂಡೆ. ಆ ಸಾಲಿನ ತುದಿಯಲ್ಲಿ ಮೂರನೆಯ ಇಯತ್ತೆಯ ಹುಡುಗಿಯೊಬ್ಬಳಿದ್ದಳು. ಬೆಳಿಗ್ಗೆ ಪಾಠ ಓದಿಸಿದಾಗ ಇಡೀ ಶಾಲೆಯಲ್ಲಿ ತಡವರಿಸದೆ ಓದಿದವಳು ಅವಳೊಬ್ಬಳೇ. ಇಂಥ ಮಗು ಹೊಟ್ಟೆ ತುಂಬ ಉಂಡು ಓದಿದರೆ ಎಲ್ಲಿಗೆ ಮುಟ್ಟೀತು ಎಂದು ವರದಿಯಲ್ಲಿ ಅವಳನ್ನೂ ಸೇರಿಸಿದೆ. ಅಂಬಲಿಯನ್ನು ಮಾತ್ರ ನಾನು ಬಾಯಿಗೆ ಹಾಕಿ ನೋಡಲಿಲ್ಲ. ಹೆಡ್‌ಮಾಸ್ತರರ ಮನೆಯಲ್ಲಿ ನನಗೆ ಹೋಳಿಗೆ ಮಾಡಿದ್ದರು. ಬೆರಳಿಗಂಟಿದ ತುಪ್ಪ ಆರುವ ಮೊದಲೇ ಅಲ್ಲಿಯೇ ಕೂತು ಬರೆದೆ: ಹೊರಗಿನ ಸಾಲಿಗೆ ಮೊದಲು, ಇದು ಎಲ್ಲ ಶಾಲೆಗಳಿಗೂ ಮಾದರಿ.

ನನ್ನನ್ನು ಕಳಿಸಿದ ಶಿಕ್ಷಣ ಇಲಾಖೆಯ ಸಾಹೇಬರಿಗೆ ಅದು ಬಹಳ ಹಿಡಿಸಿತು. ಕೊಪ್ಪಳ, ಯಲಬುರ್ಗಾ, ಗಂಗಾವತಿ ಕಡೆಯ ಶಾಲೆಗಳಿಗೂ ನನ್ನ ಮಾತಿನಲ್ಲೇ ಹುಕುಂ ಹೋಯಿತು. ನಾನು ಎದೆ ಉಬ್ಬಿಸಿಕೊಂಡು ತಿರುಗಿದೆ.

ಎರಡು ತಿಂಗಳ ಮೇಲೆ ಅದೇ ಊರಿಗೆ ಮತ್ತೆ ಹೋದರೆ ಆ ಹುಡುಗಿ ಇಲ್ಲ. ಹೊರಗಿನ ಸಾಲು ಅರ್ಧಕ್ಕೆ ಇಳಿದಿತ್ತು. "ಕೊಟ್ಟರೂ ಉಣ್ಣಾಕ ಬರವೊಲ್ಲರ್ರಿ ಇವರು," ಎಂದರು ಹೆಡ್‌ಮಾಸ್ತರರು. ನನಗೂ ಸಿಟ್ಟು ಬಂತು. ಬಂದದ್ದು ಅವರ ಮೇಲಲ್ಲ, ಆ ಹುಡುಗಿಯ ತಾಯಿಯ ಮೇಲೆ. ಕೇರಿಗೆ ಹೋಗಿ ಅವಳ ಮನೆಯ ಮುಂದೆ ನಿಂತು ಕೂಗಾಡಿದೆ.

"ಏನ್ ಬೇ, ಸಾಲ್ಯಾಗ ಪುಕ್ಕಟೆ ಕೊಡ್ತಾರ, ಅದೂ ಮೊದಲು ನಿಮ್ಮ ಮಕ್ಕಳಿಗೇ ಕೊಡ್ತಾರ. ಹುಡುಗಿನ್ನ ಯಾಕ ಬಿಡಿಸಿದಿ?"

ಆಕೆ ಜೋಳ ಹಸನು ಮಾಡುತ್ತಿದ್ದಳು. ತಲೆ ಎತ್ತಲಿಲ್ಲ.

"ಕಳೆ ತಗಿಯಾಕ ಹೋಗ್ಯಾಳ್ರಿ. ಗೌಡ್ರ ಹೊಲದಾಗ ಮಧ್ಯಾನ್ನಕ್ಕ ಒಂದು ರೊಟ್ಟಿ ಕೊಡ್ತಾರ. ಮೊದಲು ಮನ್ಯಾಗಿಂದ ಅರ್ಧ ರೊಟ್ಟಿ ಕಟ್ಟಿ ಕಳಸ್ತಿದ್ನಿ. ಸಾಲ್ಯಾಗ ಉಣ್ತಾಳಂತ ಅದನ್ನ ಸಣ್ಣಾಕಿಗೆ ಕೊಡಾಕ ಹತ್ತಿದ್ನಿ. ಅಕಿ ಸಂಜಿಕ ಬಂದು ಗ್ವಾಡಿಗೆ ಒರಗಿ ಕುಂದ್ರತಿದ್ಲು. ಕೇಳಿದ್ರ, ಸಾಲ್ಯಾಗ ನೀರು ಕೊಡ್ತಾರವ್ವ ಅಂದ್ಲು."

"ಸುಳ್ಳು. ನಾ ಕಣ್ಣಾರೆ ನೋಡೇನಿ."

"ಕಣ್ಣಿಲೆ ನೋಡೀರಿ," ಎಂದಳು ಆಕೆ. "ನಾಳೆ ಅಕಿ ತಾಟು ಒಯ್ದು, ಅಕಿ ಕುಂದ್ರೋ ಜಾಗದಾಗ ಕುಂದರ್ರಿ."

ಆ ಮಾತಿಗೆ ಮೈಯೆಲ್ಲ ಉರಿಯಿತು. ಛಲಕ್ಕೆ ಬಿದ್ದು ತಾಟು ತೆಗೆದುಕೊಂಡು ಹೋದೆ. ಮರುದಿನ ಹೊರಗಿನ ಸಾಲಿನ ತುದಿಯಲ್ಲಿ ನಾನು ಕೂತದ್ದನ್ನು ಕಂಡು ಹೆಡ್‌ಮಾಸ್ತರರ ಮುಖ ಬಿಳಿಚಿತು. ಬಡಿಸುವವನು ಸೌಟು ಎತ್ತಿ ಹಿಡಿದು ನಿಂತ. "ದಿನಾ ಹೆಂಗ ಹಾಕ್ತಿ ಹಂಗ ಹಾಕು," ಎಂದೆ. ಸುರುವಿದ. ತಾಟಿನಲ್ಲಿ ಬಿದ್ದದ್ದು ಬೆಳ್ಳನೆಯ ತಿಳಿನೀರು. ಬೆರಳಾಡಿಸಿದೆ, ನಾಲ್ಕು ನುಚ್ಚು ಸಿಕ್ಕವು. ಕುಡಿದೆ. ಬೆಚ್ಚಗಿತ್ತು, ಉಪ್ಪಿತ್ತು, ಅಷ್ಟೇ.

ಎದ್ದು ಪಡಸಾಲೆಗೆ ಹೋಗಿ ನೋಡಿದೆ. ಮೊದಲ ಸಾಲಿನಲ್ಲಿ ಅಂಬಲಿ ಗಟ್ಟಿಯಾಗಿತ್ತು. ಕೊನೆಯ ಸಾಲಿನಲ್ಲಿ, ಊರ ದೊಡ್ಡವರ ಮಕ್ಕಳು ಕೂತಲ್ಲಿ, ನುಚ್ಚು ಮುದ್ದೆಯಾಗಿ ಬೀಳುತ್ತಿತ್ತು. ಹಂಡೆಯಲ್ಲಿ ನುಚ್ಚು ತಳಕ್ಕೆ ಕೂಡುತ್ತದೆ. ಹುಟ್ಟು, ಅಂದರೆ ಉದ್ದ ಹಿಡಿಯ ಮರದ ಸೌಟು, ಹಾಕಿ ತಿರುವದೆ ಬಡಿಸಿದರೆ ಮೊದಲು ಬರುವುದು ಬರೀ ತಿಳಿ. ಒಲೆಯ ಮುಂದೆ ಒಂದು ದಿನ ಕೂತ ಯಾವ ಹೆಂಗಸಿಗೂ ಇದು ಗೊತ್ತು. ಹಸಿದವನ ಸಂಕಟ ಉಂಡವನಿಗೇನು ಗೊತ್ತು ಅನ್ನುತ್ತಾರಲ್ಲ, ಆ ಉಂಡವನು ನಾನೇ.

ಮರದ ಹುಟ್ಟು ಗೋಡೆಗೆ ಒರಗಿಸಿಟ್ಟಿತ್ತು. ಅದನ್ನು ಬಡಿಸುವವನ ಮುಂದೆ ಹಿಡಿದು, "ಯಾಕೋ ತಿರುವೋದಿಲ್ಲ?" ಎಂದು ಚೀರಿದೆ.

ಅವನು ಹೆಡ್‌ಮಾಸ್ತರರ ಮುಖ ನೋಡಿದ. ಅವರು ಮೆಲ್ಲಗೆ ನಕ್ಕು ಹೇಳಿದರು: "ತಿರುವಿದ್ರ ತಳದಾಗಿಂದೆಲ್ಲಾ ಮ್ಯಾಲೆ ಬರ್ತೈತ್ರಿ. ಒಳಗಿನ ಹುಡುಗರಿಗೆ ಏನ್ ಉಳಿತೈತಿ? ಊರವರು ಮಜ್ಜಿಗಿ ಕೊಡೋದು ಬಿಡ್ತಾರ. ನೀವಽ ಬರದೀರಲ್ರಿ, ಮಾದರಿ ಅಂತ."

ಆ ನಗುವಿಗೆ ಕಪಾಳಕ್ಕೆ ಬಾರಿಸಬೇಕೆನಿಸಿತ್ತು. ಬಾರಿಸಲಿಲ್ಲ. ಮೂರು ದಿನ ಅಲ್ಲೇ ಉಳಿದು ನಾನೇ ಹುಟ್ಟು ಹಿಡಿದು ತಿರುವಿದೆ. ಹೊರಗಿನ ಸಾಲಿಗೂ ಒಳಗಿನ ಸಾಲಿಗೂ ಒಂದೇ ಹದದ ಅಂಬಲಿ ಬಿತ್ತು. ಎರಡನೆಯ ದಿನ ಮಜ್ಜಿಗೆ ಬರಲಿಲ್ಲ, ಉಪ್ಪುನೀರಲ್ಲೇ ಹಾಕಿದೆವು. ಮೂರನೆಯ ದಿನ ಕೇರಿಗೆ ಹೋಗಿ ಆ ತಾಯಿಗೆ ತಾಟು ಹಿಂತಿರುಗಿಸಿ, ತಪ್ಪಾಯಿತು ಯವ್ವಾ, ಈಗ ತಿರುವಿ ಹಾಕುತ್ತಾರೆ, ಹುಡುಗಿಯನ್ನು ಕಳಿಸು ಎಂದೆ.

"ನೀವು ಇರೂತನಕ ತಿರುವ್ತಾರ್ರಿ ಮಾಸ್ತರ," ಎಂದಳು. "ನೀವು ಹೋದ ಮ್ಯಾಲ?"

ಹುಡುಗಿ ಬಾಗಿಲ ಹಿಂದೆ ನಿಂತಿದ್ದಳು. ಕೈಯೆಲ್ಲ ಕಳೆ ಕಿತ್ತು ಹಸಿರಾಗಿತ್ತು. ಅವಳು ಮತ್ತೆ ಶಾಲೆಗೆ ಬರಲಿಲ್ಲ.

ಎರಡನೆಯ ವರದಿ ಬರೆದೆ, ಈ ಸಲ ಒಂದೂ ಹೊಗಳಿಕೆಯಿಲ್ಲದೆ. ಸಾಹೇಬರು ಅರ್ಧ ಓದಿ ನಕ್ಕರು. "ಹುಟ್ಟು ತಿರುವೋದೂ ಸರ್ಕಾರದ ಕೆಲಸ ಏನ್ರಿ ಮಾಸ್ತರ?" ಎಂದು ಕಾಗದವನ್ನು ಬದಿಗೆ ಸರಿಸಿದರು. ಮೊದಲ ಹುಕುಂ ಹಾಗೇ ಉಳಿಯಿತು.

ಮುಂದಿನ ವರ್ಷ ನನಗೆ ಯಲಬುರ್ಗಾ ಕಡೆಯ ಒಂದು ಹಳ್ಳಿಗೆ ವರ್ಗವಾಯಿತು. ಮೊದಲ ದಿನ ಅಲ್ಲಿನ ಹಿರಿಯ ಮಾಸ್ತರರು ನನ್ನನ್ನು ಪಡಸಾಲೆಗೆ ಕರೆದೊಯ್ದರು. ನಾನು ಯಾರೆಂದು ಅವರಿಗೆ ಗೊತ್ತಿರಲಿಲ್ಲ. "ಕುಷ್ಟಗಿ ಕಡೆ ಯಾರೋ ಪುಣ್ಯಾತ್ಮ ಬರದಾನಂತ್ರಿ, ಅವತ್ತಿನಿಂದ ನಮ್ಮಲ್ಲೂ ಹೊರಗಿನ ಸಾಲಿಗೆ ಮೊದಲು," ಎಂದರು. ಅಂಗಳದಲ್ಲಿ ಕೇರಿಯ ಮಕ್ಕಳು ತಾಟು ಎತ್ತಿ ಹಿಡಿದಿದ್ದರು. ಬಡಿಸುವವನು ಹಂಡೆಯ ಮೇಲಿನ ತಿಳಿಗೆ ಸೌಟು ಇಳಿಸಿದ. ನಾನು ಹೋಗಿ ಅವನ ಮುಂಗೈ ಹಿಡಿದೆ.

"ಮೊದಲು ತಿರುವು," ಎಂದೆ.

ಯಾಕೆಂದು ಅವನು ಕೇಳಲಿಲ್ಲ. ತಲೆ ತಗ್ಗಿಸಿ ಹುಟ್ಟು ತರಲು ಹೋದ. ಅವನಿಗೂ ಗೊತ್ತಿತ್ತು.