ಅಜಬಖಾನೆಯಲ್ಲಿ ಕಂಡ ಅಣ್ಣ

ದೆವ್ವ, ಭೂತ, ಶಕುನ ಎಂದರೆ ನನಗೆ ಮೊದಲಿನಿಂದಲೂ ನಗು. ವಾಡಿಯ ರೈಲ್ವೆ ಮನೆಗಳ ಮುಂದೆ ಬೇಸಿಗೆಯ ಸಂಜೆ ಹೊರಸು ಹಾಕಿಕೊಂಡು ಕುಳಿತಾಗ ಯಾರಾದರೊಬ್ಬರು ಇಂಥ ಕಥೆ ತೆಗೆಯುತ್ತಿದ್ದರು. ಸಿಗ್ನಲ್ ಕಂಬದ ಹತ್ತಿರ ಬಿಳಿ ಸೀರೆ ಉಟ್ಟವಳೊಬ್ಬಳು ನಿಂತಿದ್ದಳಂತೆ ಎಂದರೆ, "ಟಿಕೀಟ ತಗೊಂಡಿದ್ದಳೇನ್ರಿ?" ಎಂದು ಕೇಳಿ ನಾನು ಕಥೆಯ ಸ್ವಾದ ಕೆಡಿಸುತ್ತಿದ್ದೆ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆ ನನ್ನ ನಾಲಿಗೆಯ ತುದಿಯಲ್ಲೇ ಇರುತ್ತಿತ್ತು. ಈಗ ಬರೆಯಹೊರಟಿರುವುದನ್ನು ನಾನು ಪ್ರತ್ಯಕ್ಷ ಕಂಡೆ, ಪ್ರಮಾಣಿಸಿಯೂ ನೋಡಿದೆ. ಆದರೂ ಅದು ಏನೆಂದು ನನಗೆ ಗೊತ್ತಾಗಿಲ್ಲ. ನಂಬಿರಿ ಎಂದು ನಾನು ಯಾರಿಗೂ ಗಂಟುಬೀಳುವುದಿಲ್ಲ. ಬೇರೆಯವರು ಹೇಳಿದ್ದರೆ ನಾನೂ ನಂಬುತ್ತಿರಲಿಲ್ಲ.

ನಿಜಾಮರ ಆಳ್ವಿಕೆಯ ಕಾಲ. ನಾನು ವಾಡಿ ಜಂಕ್ಷನ್ನಿನ ಪಾರ್ಸಲ್ ಆಫೀಸಿನಲ್ಲಿ ಗುಮಾಸ್ತ. ಸಂಬಳ ಕಡಿಮೆಯಾದರೂ ರೈಲಿನ ಪಾಸು ಸಿಗುತ್ತಿತ್ತು. ಪಾಸು ಇದ್ದವನಿಗೆ ಮುಂಬಯಿ ಎಂದರೆ ಹಿತ್ತಲು ಇದ್ದ ಹಾಗೆ. ಚಳಿಗಾಲದಲ್ಲಿ ಎರಡು ದಿನ ರಜೆ ಹಾಕಿ, ರೊಟ್ಟಿ, ನಂಜಿಕೊಳ್ಳಲು ಶೇಂಗಾದ ಹಿಂಡಿ ಕಟ್ಟಿಕೊಂಡು ಸಂಜೆಯ ಗಾಡಿ ಹತ್ತಿದರೆ ಬೆಳಗಿಗೆ ಮುಂಬಯಿ. ಸಮುದ್ರ ನೋಡುವುದು, ಅಜಬಖಾನೆಗಳನ್ನು ನೋಡುವುದು, ಧರ್ಮಶಾಲೆಯಲ್ಲಿ ಮಲಗಿ ಮರುದಿನ ತಿರುಗಿ ಬರುವುದು. ಮ್ಯೂಜಿಯಮ್ಮಿಗೆ ನಮ್ಮ ಕಡೆ ಆಗ ಅಜಬಖಾನೆ ಎನ್ನುತ್ತಿದ್ದರು. ಸತ್ತ ಹುಲಿಗೆ ಹುಲ್ಲು ತುಂಬಿ ನಿಲ್ಲಿಸಿದ್ದನ್ನೂ ಹಳೆಯ ಕತ್ತಿಗಳನ್ನೂ ಬಾಯಿ ತೆರೆದು ನೋಡುವುದೆಂದರೆ ನನಗೆ ಎಲ್ಲಿಲ್ಲದ ಖುಷಿ.

ಆಮೇಲಾಮೇಲೆ ಅವ್ವನೂ ನನ್ನ ಜೊತೆ ಬರತೊಡಗಿದಳು, ಆದರೆ ಅವಳು ಬರುತ್ತಿದ್ದದ್ದು ಖುಷಿಗಲ್ಲ. ನನ್ನ ಅಣ್ಣ ಬಸಣ್ಣ ಶಹಾಬಾದಿನ ಫರಸಿಕಲ್ಲಿನ ಗಣಿಯಲ್ಲಿ ಕೆಲಸಕ್ಕಿದ್ದ. ನೆಲಕ್ಕೆ ಕಲ್ಲು ಕೂಡಿಸುವುದರಲ್ಲಿ ಅವನ ಕೈ ಒಳ್ಳೆಯದೆಂದು ಗುತ್ತೇದಾರನೊಬ್ಬ ಕಲ್ಲಿನ ವ್ಯಾಗನ್ನಿನ ಜೊತೆ ಅವನನ್ನೂ ಮುಂಬಯಿಗೆ ಕರೆದುಕೊಂಡು ಹೋದ. ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಮೊದಲು ಊರ ಕಡೆಯವರ ಕೈಯಲ್ಲಿ ಸುದ್ದಿ ಹೇಳಿ ಕಳಿಸುತ್ತಿದ್ದ, ಆಮೇಲೆ ಅದೂ ನಿಂತಿತು. ಗುತ್ತೇದಾರನನ್ನು ಹುಡುಕಿ ಕೇಳಿದರೆ, "ಕೆಲಸ ಬಿಟ್ಟು ಹೋದ, ಎಲ್ಲಿಗೆ ಹೋದನೋ ನನಗೇನು ಗೊತ್ತು" ಎಂದ. ಸತ್ತನೆಂದು ಯಾರೂ ಹೇಳಲಿಲ್ಲ, ಇದ್ದಾನೆಂದೂ ಹೇಳಲಿಲ್ಲ.

ಅಂದಿನಿಂದ ನಾನು ಮುಂಬಯಿಗೆ ಹೊರಟಾಗಲೆಲ್ಲ ಅವ್ವ ನಮ್ಮೂರು ಚಿತ್ತಾಪುರದಿಂದ ವಾಡಿಗೆ ಬಂದು, "ನಾನೂ ಸಮುದ್ರ ನೋಡ್ತೀನಪ್ಪ" ಎನ್ನುತ್ತಿದ್ದಳು. ಅಲ್ಲಿಗೆ ಹೋದರೆ ಸಮುದ್ರಕ್ಕೆ ಬೆನ್ನು ಮಾಡಿ ಕುಳಿತು ಹೋಗಿಬರುವವರ ಮುಖ ನೋಡುತ್ತಿದ್ದಳು. ಮುಂಬಯಿಯಲ್ಲಿ ಎಲ್ಲಿ ಕಾಲಿಟ್ಟರೂ ನಮ್ಮ ಕಡೆಯ ಕಲ್ಲೇ. ಧರ್ಮಶಾಲೆಯ ಪಡಸಾಲೆಯಲ್ಲಿ ಅವಳು ಬರಿಗಾಲಿನಿಂದ ನೆಲದ ಸಂದುಗಳನ್ನು ಮುಟ್ಟಿ ಮುಟ್ಟಿ ನಡೆಯುತ್ತಿದ್ದಳು. "ಭಾಳ ಚಂದ ಕೂಡಿಸ್ಯಾರ. ಇದು ಬಸಣ್ಣನ ಕೈ ಕೆಲಸಾನೇ ಇರ್ಬೇಕು," ಎನ್ನುತ್ತಿದ್ದಳು. ಒಂದೊಂದು ಸಲ ನನಗೆ ಸಿಟ್ಟು ಬರುತ್ತಿತ್ತು. ಸಿಟ್ಟಿನ ಕೆಳಗೆ ಇದ್ದದ್ದು ದುಃಖ.

ಇದರಲ್ಲಿ ಹಣ್ಣಾದವಳು ಅಣ್ಣನ ಹೆಂಡತಿ ನೀಲಮ್ಮ. ತೌರು ಸೇಡಂ ಹತ್ತಿರದ ಮುಧೋಳ. ಗಂಡ ತೀರಿದ ಹೆಣ್ಣಿಗೆ ನಮ್ಮಲ್ಲಿ ಇನ್ನೊಂದು ಗಂಡನನ್ನು ನೋಡಿ ಕೊಡುವ ರೂಢಿಯುಂಟು, ಅದಕ್ಕೆ ಉಡಿಕಿ ಎನ್ನುತ್ತಾರೆ. ಚಿಮ್ಮನಚೋಡದಲ್ಲಿ ಹೆಂಡತಿ ಸತ್ತ ಒಬ್ಬ ರೈತ ಒಪ್ಪಿದ್ದ. ಆದರೆ ಅತ್ತಿಗೆ ವಿಧವೆಯೋ ಮುತ್ತೈದೆಯೋ ಯಾರು ಹೇಳಬೇಕು? ಅವಳ ಅಪ್ಪ ಬಂದು ಅವ್ವನ ಮುಂದೆ ಕುಳಿತ.

"ಹುಡುಗಿ ವಯಸ್ಸು ಸುಮ್ನೆ ಹೋಗ್ಲಿಕತ್ತದ ಬೀಗತಿ. ನೀವೊಂದು ಮಾತು ಹೇಳ್ರಿ."

"ಇದ್ದ ಮಗನ್ನ ನನ್ನ ಬಾಯಿಂದ ನಾನೇ ಹ್ಯಾಂಗ ಸಾಯಿಸ್ಲಿ, ಬೀಗರ?" ಎಂದಳು ಅವ್ವ.

ಅತ್ತಿಗೆ, "ಅತ್ತಿ ಹೇಳಿದ್ರಷ್ಟೇ" ಎಂದು ಒಳಗೆ ಹೋದಳು. ಆ ಮಾತು ಅಲ್ಲಿಗೇ ನಿಂತಿತು. ವರ್ಷಗಳು ಹೋದವು. ಅತ್ತಿಗೆ ರೊಟ್ಟಿ ಬಡಿಯುತ್ತಿದ್ದಳು, ಅವ್ವ ದಿನವೂ ಒಂದು ರೊಟ್ಟಿಯನ್ನು ಬಸಣ್ಣನ ಪಾಲೆಂದು ಬುಟ್ಟಿಯಲ್ಲಿ ಮುಚ್ಚಿಡುತ್ತಿದ್ದಳು. ಮರುದಿನ ಅದು ದನಕ್ಕೆ ಹೋಗುತ್ತಿತ್ತು.

ಇನ್ನೊಂದು ಸಂಗತಿ ಹೇಳಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ನಮ್ಮವರು ಕೊರಳಲ್ಲಿ ಲಿಂಗ ಧರಿಸುತ್ತಾರೆ. ಅದನ್ನು ಕಟ್ಟುವ ಬಿಳಿಯ ನೂಲೇ ಶಿವದಾರ. ಬಸಣ್ಣ ಚಿಕ್ಕವನಿದ್ದಾಗ ಅವ್ವನ ಹಸಿರು ಸೀರೆಯ ಸೆರಗು ಹಿಡಿಯದೆ ಮಲಗುತ್ತಿರಲಿಲ್ಲವಂತೆ. ಅದಕ್ಕೆ ಅವ್ವ ಸೆರಗಿನ ಒಂದು ಹಸಿರು ಎಳೆ ತೆಗೆದು ಅವನ ಶಿವದಾರದಲ್ಲಿ ಸೇರಿಸಿ ಹೊಸೆದಳು. ದೊಡ್ಡವನಾದ ಮೇಲೂ ದಾರ ಹಳತಾದಾಗಲೆಲ್ಲ ಹಾಗೆಯೇ ಹೊಸೆದು ಕೊಡುತ್ತಿದ್ದಳು. ಹಸಿರು ಎಳೆಯ ಶಿವದಾರ ನಾನು ಇನ್ನೊಬ್ಬರ ಕೊರಳಲ್ಲಿ ನೋಡಿಲ್ಲ. ಅಲ್ಲದೆ ಗಣಿಯಲ್ಲಿ ಸುತ್ತಿಗೆ ತಪ್ಪಿ ಅವನ ಎಡಗೈ ನಡುಬೆರಳ ತುದಿ ಹೋಗಿತ್ತು. ನಮ್ಮಲ್ಲಿ ಸತ್ತವರನ್ನು ಸುಡುವುದಿಲ್ಲ. ಕಾಲು ಮಡಿಸಿ ಕೂಡಿಸಿ, ಎಡಗೈಯಲ್ಲಿ ಅವರವರ ಲಿಂಗವಿಟ್ಟು ಮಣ್ಣು ಮಾಡುತ್ತೇವೆ.

ಆ ವರ್ಷ ಅವ್ವ ಅತ್ತಿಗೆಯನ್ನೂ ಕರೆದುಕೊಂಡು ಬಂದಳು. ಮೊದಲ ದಿನ ಸಮುದ್ರಕ್ಕೆ ಹೋದೆವು. ಅತ್ತಿಗೆ ಹೆದರುತ್ತ ಹೆದರುತ್ತ ನೀರಿನ ಅಂಚಿಗೆ ಹೋಗಿ ನಿಂತಳು. ಒಂದು ತೆರೆ ಬಂದು ಮೊಳಕಾಲಿನ ತನಕ ಸೀರೆ ತೋಯಿಸಿತು. ಕಾಲ ಕೆಳಗಿನ ಉಸುಕು ಸರಿದಾಗ ಬೀಳುವಂತಾಗಿ, ಬೀಳದೆ, ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಮತ್ತೊಂದು ತೆರೆಗೆ ಕೈ ತೆಗೆದು ನಕ್ಕಳು. ಅವ್ವ ಅಂದು ಸಮುದ್ರಕ್ಕೆ ಬೆನ್ನು ಮಾಡಿರಲಿಲ್ಲ, ಸೊಸೆಯನ್ನೇ ನೋಡುತ್ತಿದ್ದಳು.

ಮರುದಿನ ಮಧ್ಯಾಹ್ನ ಒಂದು ಅಜಬಖಾನೆಗೆ ಹೋದೆವು. ದೊಡ್ಡ ತೋಟದೊಳಗಿನ ತಂಪು ಕಟ್ಟಡ. ಅಲ್ಲಿ ಗಾಜಿನ ಪೆಟ್ಟಿಗೆಗಳಲ್ಲಿ ಮೊಳದೆತ್ತರದ ಮಣ್ಣಿನ ಬೊಂಬೆಗಳಿದ್ದವು. ಕುಂಬಾರ, ಕಮ್ಮಾರ, ಗಾಣಿಗ, ಹಾವಾಡಿಗ, ಹೀಗೆ ಒಂದೊಂದು ಕಸುಬಿನವರು. ನಾನು ಹಿಂದೆಯೂ ನೋಡಿದ್ದೆ, ಆದ್ದರಿಂದ ಅವಸರವಿಲ್ಲದೆ ಒಬ್ಬನೇ ಮುಂದೆ ಹೋಗುತ್ತಿದ್ದೆ. ಕಿಟಕಿಯ ಪಕ್ಕದ ಒಂದು ಪೆಟ್ಟಿಗೆಯ ಮುಂದೆ ಕಾಲು ನಿಂತುಬಿಟ್ಟವು.

ಒಳಗೆ ಒಬ್ಬ ಗಂಡಸು ಕಾಲು ಮಡಿಸಿ ಕುಳಿತಿದ್ದ. ಮುಂದೆ ಯಾವ ಕಸುಬಿನ ಸಾಮಾನೂ ಇರಲಿಲ್ಲ. ಕಣ್ಣು ಅರ್ಧ ಮುಚ್ಚಿದ್ದವು. ಹಣೆಯ ಮೇಲೆ ವಿಭೂತಿ. ಕೊರಳಲ್ಲಿ ಕೂದಲೆಳೆಯಷ್ಟು ಸಣ್ಣ ಬಿಳಿ ದಾರ, ಅದರಲ್ಲಿ ಒಂದು ಹಸಿರು ಎಳೆ. ದಾರದ ತುದಿ ಬರಿದಾಗಿತ್ತು. ಎಡಗೈ ತೊಡೆಯ ಮೇಲೆ ಅಂಗಾತ ತೆರೆದಿತ್ತು, ಆ ಅಂಗೈಯಲ್ಲೂ ಏನೂ ಇರಲಿಲ್ಲ. ನಡುಬೆರಳ ತುದಿ ಇರಲಿಲ್ಲ. ಮುಖ ನೋಡಬೇಕಾದ್ದು ಮೊದಲು, ಆದರೆ ನಾನು ಮುಖವನ್ನು ಕೊನೆಗೆ ನೋಡಿದೆ. ಅದು ನನ್ನ ಅಣ್ಣನ ಮುಖ.

ಹೊರಗೆ ಬಿಸಿಲಿತ್ತು. ಯಾರದೋ ಮಕ್ಕಳು ಓಡಾಡುತ್ತಿದ್ದವು. ನನಗೆ ಭಯವಾಗಲಿಲ್ಲ. ಅಳು ಬಂದ ಹಾಗಾಯಿತು, ಅಷ್ಟೇ. ಪೆಟ್ಟಿಗೆಯ ಕೆಳಗೆ ಅಂಟಿಸಿದ ಹೆಸರಿನ ಚೀಟಿ ಓದುವ ಎಚ್ಚರವೂ ಉಳಿಯಲಿಲ್ಲ. ಅವ್ವನಿಗೆ ಇದು ಕಾಣಬಾರದು, ಬೇರೆ ಕಡೆ ಕರೆದೊಯ್ಯಬೇಕು ಎಂದು ತಿರುಗುವಷ್ಟರಲ್ಲಿ ಅವಳು ನನ್ನ ಪಕ್ಕದಲ್ಲೇ ನಿಂತಿದ್ದಳು. ಪೆಟ್ಟಿಗೆಯನ್ನು ನೋಡಿದಳು, ನನ್ನ ಮುಖ ನೋಡಿದಳು, ಹಿಂದೆ ಬರುತ್ತಿದ್ದ ಸೊಸೆಯನ್ನು ನೋಡಿದಳು. ಆಮೇಲೆ ನೆಲದ ಮೇಲೆ ಕುಳಿತುಬಿಟ್ಟಳು.

"ನಿಮ್ಮಣ್ಣ ಹ್ವಾದನಪ್ಪ," ಎಂದಳು. "ಇಲ್ಲಿ ಕುಂತಾನ ನೋಡು. ಇಂವ ನಮ್ಮ ಬಸಣ್ಣ ಹೌದೋ ಅಲ್ಲೋ, ನೀನೇ ಹೇಳು."

"ಹೌದವ್ವ," ಎಂದೆ.

ಅತ್ತಿಗೆ ಪೆಟ್ಟಿಗೆಯ ಕಡೆ ನೋಡಲೇ ಇಲ್ಲ. ಸೆರಗನ್ನು ಮುಖಕ್ಕೆ ಎಳೆದುಕೊಂಡು ಅವ್ವನ ಕಾಲು ಹಿಡಿದು ಕುಳಿತಳು. ಸ್ವಲ್ಪ ಹೊತ್ತಿನ ಮೇಲೆ ಅವ್ವ ಎದ್ದು ನಮ್ಮಿಬ್ಬರ ಕೈ ಹಿಡಿದು ಹೊರಗೆ ಕರೆತಂದಳು. ಹಿಂದಕ್ಕೆ ತಿರುಗಿ ನೋಡುವ ಧೈರ್ಯ ನನಗಿರಲಿಲ್ಲ. ಕಂಡದ್ದು ಏನೆಂದು ಅವ್ವನೂ ನಾನೂ ಒಬ್ಬರಿಗೊಬ್ಬರು ಬಿಡಿಸಿ ಹೇಳಿಕೊಳ್ಳಲಿಲ್ಲ, ಅಂದೂ ಇಲ್ಲ, ಆಮೇಲೂ ಇಲ್ಲ. ಇಬ್ಬರೂ ಕಂಡಿದ್ದೇವೆ, ಹೇಳುವುದೇನಿದೆ ಎಂದು ನಾನು ತಿಳಿದಿದ್ದೆ.

ಊರಿಗೆ ಬಂದು ಅವ್ವ ಮಠದ ಅಯ್ಯನವರಿಗೆ ಹೇಳಿಕಳಿಸಿದಳು. ಅವರು ಹೆಚ್ಚು ಕೇಳಲಿಲ್ಲ. "ಹಡದಾಕೀನೇ ಅಂದ ಮ್ಯಾಲ ಇನ್ಯಾರು ಕೇಳ್ಬೇಕು," ಎಂದರು. ಅಪ್ಪನ ಸಮಾಧಿಯ ಪಕ್ಕ ಸಣ್ಣ ಗುಂಡಿ ತೋಡಿ, ಅಣ್ಣನ ಹೆಸರಿನಲ್ಲಿ ಒಂದು ಲಿಂಗವಿಟ್ಟು, ಪತ್ರೆ ವಿಭೂತಿ ಹಾಕಿ ಮಣ್ಣು ಮುಚ್ಚಿದೆವು. ಅವ್ವ ತಾನೇ ಹೊಸೆದ ಶಿವದಾರವನ್ನು ಅದಕ್ಕೆ ಸುತ್ತಿದ್ದಳು, ಹಸಿರು ಎಳೆ ಸೇರಿಸಿಯೇ. ರೊಟ್ಟಿ ಮುಚ್ಚಿಡುವುದು ಅಂದಿಗೆ ನಿಂತಿತು. ಚಿಮ್ಮನಚೋಡದವನು ಇನ್ನೂ ಒಬ್ಬನೇ ಇದ್ದ, ಕೆಲವು ತಿಂಗಳ ಮೇಲೆ ಅವನೊಂದಿಗೆ ನೀಲಮ್ಮನ ಉಡಿಕಿಯಾಯಿತು. ಅವಳು ಚಿಮ್ಮನಚೋಡಕ್ಕೆ ಹೊರಟಾಗ ಅವ್ವ ಸ್ವಂತ ಮಗಳಿಗೆ ತುಂಬಿದಂತೆ ಉಡಿ ತುಂಬಿ ಕಳಿಸಿದಳು. ಅವಳಿಗೆ ಮಕ್ಕಳಾದವು, ಚೆನ್ನಾಗಿ ಬಾಳಿದಳು.

ನನ್ನ ಸ್ವಭಾವ ಬಿಡಬೇಕಲ್ಲ? ಮುಂದಿನ ಚಳಿಗಾಲದಲ್ಲಿ ಒಬ್ಬನೇ ಮುಂಬಯಿಗೆ ಹೋದೆ. ಅದೇ ಕಟ್ಟಡ, ಅದೇ ಕಿಟಕಿ, ಅದೇ ಪೆಟ್ಟಿಗೆ. ಒಳಗೆ ಒಬ್ಬ ನೇಕಾರ ಮಗ್ಗದ ಮುಂದೆ ಕುಳಿತಿದ್ದ. ಎಡಗೈಯಲ್ಲಿ ಲಾಳಿ. ಐದು ಬೆರಳೂ ನೆಟ್ಟಗಿದ್ದವು. ಕೊರಳಲ್ಲಿ ದಾರವಿರಲಿಲ್ಲ. ಮುಖ ಯಾರದೋ. ಕೆಳಗಿನ ಚೀಟಿಯಲ್ಲಿ ನೇಕಾರನೆಂದೇ ಬರೆದಿತ್ತು, ಕಾಗದ ಹಳದಿಯಾಗಿತ್ತು. ಕಾವಲಿನ ಮರಾಠಿ ಮುದುಕನನ್ನು ಕೇಳಿದೆ, ಇಲ್ಲಿದ್ದ ಬೊಂಬೆ ಬದಲಾಯಿಸಿದಿರಾ ಎಂದು. ತಾನು ಕೆಲಸಕ್ಕೆ ಸೇರಿದಂದಿನಿಂದ ಆ ಪೆಟ್ಟಿಗೆ ತೆರೆದದ್ದೇ ಇಲ್ಲವೆಂದ. ಬೀಗಕ್ಕೆ ತುಕ್ಕು ಹಿಡಿದಿತ್ತು. ಉಳಿದ ಪೆಟ್ಟಿಗೆಗಳನ್ನೂ ಒಂದೊಂದಾಗಿ ನೋಡಿದೆ, ಅಣ್ಣ ಎಲ್ಲೂ ಇರಲಿಲ್ಲ. ಕಣ್ಣು ಮೋಸ ಮಾಡಿತು ಎಂದುಕೊಳ್ಳಬಹುದಿತ್ತು. ಆದರೆ ಅವ್ವನಿಗೂ ಕಂಡಿತ್ತಲ್ಲ. ಇಬ್ಬರ ಕಣ್ಣೂ ಒಂದೇ ಹೊತ್ತಿಗೆ ಮೋಸ ಮಾಡುತ್ತವೆಯೆ? ಆ ಒಂದು ಮಾತನ್ನು ಹಿಡಿದುಕೊಂಡು ನಾನು ಸುಮ್ಮನಾದೆ.

ಅವ್ವ ತೀರಿಕೊಂಡದ್ದು ರಜಾಕಾರರ ಗದ್ದಲದ ವರ್ಷ. ರೈಲುಗಳು ಬಂದರೆ ಬಂದವು, ಇಲ್ಲದಿದ್ದರೆ ಇಲ್ಲ. ನಾನು ಹೇಗೋ ಚಿತ್ತಾಪುರ ಮುಟ್ಟಿದಾಗ ಅವಳಿಗೆ ಇನ್ನೂ ಮಾತಿತ್ತು. ಮಧ್ಯಾಹ್ನ ಎಲ್ಲರನ್ನೂ ಹೊರಗೆ ಕಳಿಸಿ ನನ್ನನ್ನು ಹತ್ತಿರ ಕೂಡಿಸಿಕೊಂಡಳು.

"ಮುಂಬೈದಾಗ ನನ್ನ ಸಲುವಾಗಿ ಸುಳ್ಳು ಹೇಳಿದೆಪ್ಪ ನೀನು. ಆ ಪಾಪ ನಿನಗ ಬ್ಯಾಡ, ನನಗೇ ಇರಲಿ."

"ಯಾವ ಸುಳ್ಳವ್ವ?"

"ಆ ಗೊಂಬಿ. ಅದು ಯಾವನೋ ನೇಕಾರಂದಿತ್ತು, ಲಾಳಿ ಹಿಡಕೊಂಡು ಕುಂತಿತ್ತು. ನೀ ಅದರ ಮುಂದ ನಿಂತಿದ್ದಿ, ನಾ ಅದನ್ನೇ ತೋರಿಸ್ದೆ. ನೀ ಹೌದು ಅಂದಿ. ನೀ ಹೌದು ಅನ್ನದಿದ್ರ ನೀಲಮ್ಮ ನಂಬ್ತಿರಲಿಲ್ಲ." ಉಸಿರು ತೆಗೆದುಕೊಂಡು ಮತ್ತೆ ಹೇಳಿದಳು. "ಹಿಂದಿನ ದಿನ ಸಮುದ್ರದಾಗ ಅಕಿ ನಕ್ಕಳು. ಅಕಿಗಿ ನಗ್ಲಿಕ್ಕೂ ಬರ್ತದಂತ ನಾ ಮರ್ತೇ ಬಿಟ್ಟಿದ್ದೆ. ಕಾಯೋದು ನನಗ ಇರಲಿ, ಅಕಿ ಯಾಕ ಕಾಯಬೇಕು ಅನಿಸ್ತು. ಆದ್ರ ಇದ್ದ ಮಗನ ಹೆಸರಿಲೆ ಲಿಂಗ ಹೂಳಿದೆ. ಶಿವ ಏನಂತಾನೋ."

ಅಜಬಖಾನೆಯಲ್ಲಿ ಬಾರದ ಭಯ ಆಗ ಬಂತು. ಅವಳಿಗೆ ಕಂಡದ್ದು ನೇಕಾರ. ಹಾಗಾದರೆ ಹಸಿರು ಎಳೆ, ಬರಿದಾದ ಅಂಗೈ ನನಗೊಬ್ಬನಿಗೇ ಕಂಡಿದ್ದವು. ನಾನು ಹೌದು ಎಂದದ್ದು ಸುಳ್ಳಲ್ಲ, ನಿನ್ನ ಮೇಲೆ ಯಾವ ಪಾಪವೂ ಇಲ್ಲ ಎಂದು ಹೇಳಲು ಬಾಯಿ ತೆರೆದೆ. ಹೇಳಿದ್ದರೆ ಅವಳ ಎದೆಯ ಭಾರ ಇಳಿಯುತ್ತಿತ್ತು. ಆದರೆ ಅವಳ ಪಾಲಿಗೆ ಇನ್ನೂ ಬದುಕಿದ್ದ ಮಗ ಹೋಗಿಬಿಡುತ್ತಿದ್ದ.

ಅಷ್ಟರಲ್ಲಿ ಅವಳೇ ಮಾತಾಡಿದಳು. "ಬಸಣ್ಣ ಬಂದ್ರ ಮೊದಲ ಒಂದು ರೊಟ್ಟಿ ಹಾಕಪ್ಪ. ಆಮ್ಯಾಲ ಹೇಳು, ನೀಲಮ್ಮನ ಮ್ಯಾಲ ಸಿಟ್ಟಾಗಬ್ಯಾಡ ಅಂತ. ಎಲ್ಲಾ ಅವ್ವಂದೇ ತಪ್ಪು ಅನ್ನು."

"ಹೂಂ ಅವ್ವ, ಬಂದ್ರ ಹೇಳ್ತೀನಿ," ಎಂದೆ. ನಾನು ಅವಳಿಗೆ ಹೇಳಿದ ಸುಳ್ಳು ಅದೊಂದೇ.

ಮರುದಿನ ಅವಳನ್ನು ಅಪ್ಪನ ಪಕ್ಕ ಕೂಡಿಸಿ, ಎಡಗೈಯಲ್ಲಿ ಅವಳ ಲಿಂಗವಿಟ್ಟು ಬೆರಳು ಮಡಿಸಿದೆ. ಮಡಿಸುವಾಗ ಅಣ್ಣನ ಆ ಬರಿದಾದ ಅಂಗೈ ಕಣ್ಣ ಮುಂದೆ ಬಂತು.

ಅಂದು ನನಗೇ ಯಾಕೆ ಕಂಡಿತು, ನಂಬುವವರು ಇಷ್ಟು ಜನರಿರುವಾಗ ನಗುವವನಿಗೇ ಯಾಕೆ ಕಂಡಿತು, ನನಗೆ ಇಂದಿಗೂ ತಿಳಿದಿಲ್ಲ. ಅಣ್ಣ ಬರಲಿಲ್ಲ. ನಾನು ಕಂಡದ್ದು ನಿಜವಾದರೆ ಅವನು ಬರುವವನಲ್ಲ, ಅವ್ವ ಕಂಡದ್ದು ನಿಜವಾದರೆ ಯಾವತ್ತಾದರೂ ಬಂದಾನು. ನಮ್ಮ ಮನೆಯಲ್ಲಿ ಈಗಲೂ ರೊಟ್ಟಿ ಬಡಿದಾದ ಮೇಲೆ ಒಂದನ್ನು ನಾನು ಬುಟ್ಟಿಯಲ್ಲಿ ಮುಚ್ಚಿಡುತ್ತೇನೆ. ಯಾರ ಪಾಲಿನದು ಎಂದು ಮನೆಯಾಕೆ ಕೇಳಿದರೆ, ಅವ್ವ ಇಡು ಅಂದಿದ್ದಾಳೆ ಎನ್ನುತ್ತೇನೆ.