ಕಲ್ಲಿನ ಮಗು ಬಿದ್ದ ಸಂಜೆ

ಹಿತ್ತಿಲಿನಲ್ಲಿ ಧೊಪ್ಪೆಂದು ಸದ್ದಾಯಿತು. ಅದರ ಬೆನ್ನಿಗೇ ಮೊಮ್ಮಗಳ ಕೂಗು: "ಅಯ್ಯೋ, ಮಗು ಬಿತ್ತು!"

ಜಗಲಿಯಲ್ಲಿ ಕೂತಿದ್ದ ನನ್ನ ಕೈಯ ಚಹಾದ ಲೋಟ ಎತ್ತ ಹೋಯಿತೋ ಇವತ್ತಿಗೂ ಗೊತ್ತಿಲ್ಲ. ಮನೆಯಲ್ಲಿ ಎಳೆ ಕೂಸಿತ್ತು. ಹಿರಿಯ ಮೊಮ್ಮಗಳು ಬಾಣಂತನಕ್ಕೆಂದು ನಮ್ಮೂರು ಕೆದಂಬಾಡಿಗೆ ಬಂದಿದ್ದಳು. ಕೂಗಿದವಳು ಅವಳ ತಂಗಿ, ಹೈಸ್ಕೂಲಿನವಳು. ಶಾಲೆಯಿಂದ ಬಂದದ್ದೇ ಕೂಸನ್ನು ಎತ್ತಿಕೊಂಡು ತಿರುಗುವವಳು.

ಎದ್ದೆ. ಕಂಬ ಹಿಡಿದು, ಗೋಡೆ ಹಿಡಿದು ಹೋದೆ. ನನ್ನ ಹೆಂಡತಿ ಹಿಟ್ಟು ಮೆತ್ತಿದ ಕೈಯಲ್ಲೇ ಮುಂದೆ ಓಡುತ್ತಿದ್ದಳು. ಬಚ್ಚಲಿನಿಂದ ಬಾಣಂತಿ ಕಿರುಚುತ್ತಿದ್ದಳು.

ಹುಡುಗಿ ಗೋಡೆಗೆ ಅಂಟಿಕೊಂಡು ನಿಂತಿದ್ದಳು.

"ಮಗು ಎಲ್ಲಿ?"

"ಇಲ್ಲೇ ಉಂಟಲ್ಲ ಅಜ್ಜಿ."

ಅವಳ ಕಾಲಿನ ಹೆಬ್ಬೆರಳಿನ ಪಕ್ಕದಲ್ಲೇ ಕಡೆಯುವ ಕಲ್ಲಿನ ಗುಂಡು ಮಣ್ಣಿನಲ್ಲಿ ಹೂತು ಕೂತಿತ್ತು. ಆ ಗುಂಡನ್ನು ನಮ್ಮ ಹಿರಿಯರು ಮಗು ಎಂದೇ ಕರೆಯುತ್ತಿದ್ದರು. ಮಿಕ್ಸಿ ಬಂದು ಅದು ಮೂಲೆ ಸೇರಿದರೂ ಹೆಸರು ಹೋಗಿರಲಿಲ್ಲ.

"ಇದಲ್ಲ ಮಾರಾಯ್ತಿ, ಉಸಿರಾಡುವ ಮಗು!"

"ಅದು ಒಳಗೆ ಹಾಸಿಗೆಯಲ್ಲಿ ನಿದ್ದೆ ಮಾಡ್ತಾ ಉಂಟು."

ಹೆಂಡತಿ ಒಳಗೆ ಹೋಗಿ ಕೂಸನ್ನು ಮುಟ್ಟಿ ನೋಡಿ ಬಂದಳು. ಬಂದವಳಿಗೆ ಆಗ ಹುಡುಗಿಯ ಹೆಬ್ಬೆರಳು ಮತ್ತು ಕಲ್ಲಿನ ನಡುವಿನ ಎರಡೇ ಬೆರಳಿನ ಜಾಗ ಕಂಡಿತು. ತಲೆ ಹಿಡಿದುಕೊಂಡು ಮೆಟ್ಟಿಲ ಮೇಲೆ ಕೂತುಬಿಟ್ಟಳು.

"ಎಂತಕ್ಕೆ ಇದನ್ನು ಎತ್ತಿದ್ದು?"

"ಬಾಸ್ಕೆಟ್‌ಬಾಲಿಗೆ. ನನಗೆ ಉದ್ದ ಉಂಟು, ಆದರೆ ಹಾರುವಾಗ ಕಾಲು ನೆಲ ಬಿಡುದಿಲ್ಲ ಅಂತಾರೆ ಪಿ.ಟಿ. ಮಾಷ್ಟ್ರು. ಕಾಲಿಗೆ ಬಲ ಬರಲಿಕ್ಕೆ ಭಾರ ಹಿಡಿದು ಬಸ್ಕಿ ಹೊಡಿಬೇಕಂತೆ."

"ಬಸ್ಕಿಯಾ? ಶಾಲೆಯಲ್ಲಿ ಎಂತ ತಪ್ಪು ಮಾಡಿದ್ದೆ ನೀನು?"

"ತಪ್ಪಲ್ಲ ಅಜ್ಜಿ, ಇದು ತಾಲೀಮು!"

ಬಸ್ಕಿಯೆಂದರೆ ಶಿಕ್ಷೆಯೆಂದೇ ತಿಳಿದವಳು ನನ್ನ ಹೆಂಡತಿ. "ಆಟವೂ ಬೇಡ, ಹಾರುದೂ ಬೇಡ" ಎಂದುಬಿಟ್ಟಳು. ಹುಡುಗಿ ಅಳಲು ತೊಡಗಿದಳು. ಪುತ್ತೂರಿನಲ್ಲಿ ತಾಲೂಕು ತಂಡದ ಆಯ್ಕೆ ಹತ್ತಿರ ಬಂದಿತ್ತು. ಹೋಗದಿದ್ದರೆ ಈ ವರ್ಷವೂ ಆಡದೆ ಬೆಂಚಿನಲ್ಲಿ ಕೂರುವುದೇ ಗತಿ.

ನಾನು ಮಾಷ್ಟ್ರಿಗೆ ಫೋನು ಮಾಡಿದೆ. ಕಲ್ಲು ಬಿದ್ದ ಕತೆ ಹೇಳಿದೆ.

"ಕಲ್ಲಾ? ನಾನು ಹೇಳಿದ್ದು ಪುಸ್ತಕದ ಚೀಲ ಮಾರಾಯ್ರೆ! ಅದೂ ಬರೀ ಬಸ್ಕಿ ಸರಿಯಾಗಿ ಬಂದ ಮೇಲೆ. ಹಾರಿದವಳು ಸದ್ದಿಲ್ಲದೆ ಇಳಿಯಲಿಕ್ಕೂ ಕಲಿಯಬೇಕು. ಅವಸರ ಮಾಡಿದರೆ ಮೊಣಕಾಲು ಹೋದೀತು."

ಅದನ್ನೆಲ್ಲ ಮನೆಯಲ್ಲಿ ಹೇಳಿದೆ. ಹೆಂಡತಿ ಮಾತ್ರ ಕರಗಲಿಲ್ಲ.

ಅದೇ ವಾರ ಕೂಸನ್ನು ತೊಟ್ಟಿಲಿಗೆ ಹಾಕುವ ಶಾಸ್ತ್ರ. ನಮ್ಮ ಮನೆಯ ಕ್ರಮದಲ್ಲಿ ನಿಜವಾದ ಮಗುವಿಗಿಂತ ಮೊದಲು ಕಲ್ಲಿನ ಮಗುವನ್ನು ಬಟ್ಟೆ ಸುತ್ತಿ ತೊಟ್ಟಿಲಿನಡಿ ದಾಟಿಸಬೇಕು. ಹೆಂಡತಿ ಬಗ್ಗಿ ಎತ್ತಲು ಹೋದಳು, ಸೊಂಟ ಹಿಡಿಯಿತು. ನೆಂಟರ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು.

ಹುಡುಗಿ ಮುಂದೆ ಬಂದಳು. ಅಜ್ಜಿಯ ಮುಖ ಬಿಳಚಿತು. "ಬೇಡ" ಎನ್ನುವಷ್ಟರಲ್ಲಿ ಹುಡುಗಿ ಕಾಲು ಅಗಲಿಸಿ, ಹಿಮ್ಮಡಿ ಊರಿ, ಬೆನ್ನು ಬಗ್ಗಿಸದೆ ಬಸ್ಕಿಯ ಹಾಗೆ ಕುಕ್ಕರು ಕೂತು, ಕಲ್ಲನ್ನು ಎದೆಗಪ್ಪಿಕೊಂಡು ಎದ್ದೇಬಿಟ್ಟಳು. ತೊಟ್ಟಿಲಿನಡಿ ದಾಟಿಸಿ, ಹಾಗೆಯೇ ಕೂತು ನೆಲಕ್ಕಿಟ್ಟಳು. ಟಕ್ ಎನ್ನಲಿಲ್ಲ. ಹಾಡು ಹೇಳುತ್ತಿದ್ದವರು ಹಾಡು ಮರೆತರು. ನನ್ನ ಹೆಂಡತಿ ಬಾಯಿಗೆ ಸೆರಗು ಹಿಡಿದವಳು ತೆಗೆಯಲೇ ಇಲ್ಲ.

ಮರುದಿನ ಸಂಜೆ ಹಿತ್ತಿಲಿಗೆ ಹೋದರೆ ನನ್ನ ಹೆಂಡತಿಯೇ ಮೊಮ್ಮಗಳ ಶಾಲೆ ಚೀಲಕ್ಕೆ ಅಕ್ಕಿಯ ಸಣ್ಣ ಕಟ್ಟು ತುರುಕುತ್ತಿದ್ದಳು.

"ಇದು ಅಕ್ಕಿ, ತಿಳೀತಾ? ಬಿದ್ದರೆ ಅಕ್ಕಿ ಬಿತ್ತು ಅಂತಲೇ ಕೂಗು."