ಟ್ರಾಕ್ಟರ್ ಹತ್ತಿದ ಬ್ಯಾಕಪ್

ಟ್ರಾಕ್ಟರ್ ಇಟ್ಟಿರುವ ತಮ್ಮನೊಬ್ಬ ಮನೆಗೆ ಬಂದು ಹೋಗುತ್ತಿದ್ದರೆ, ಪೆನ್‌ಡ್ರೈವನ್ನು ಟಿ.ವಿ. ಪಕ್ಕ ಇಡಬಾರದು. ಇದು ನನಗೆ ಗೊತ್ತಾಗಿದ್ದು ಕಳೆದ ಭಾನುವಾರ ಬೆಳಿಗ್ಗೆ, ಕಂಪ್ಯೂಟರ್ ಅಪ್‌ಗ್ರೇಡ್ ಅರ್ಧಕ್ಕೆ ನಿಂತಾಗ.

ನನ್ನ ಕಂಪ್ಯೂಟರ್‌ನಲ್ಲಿ ಎರಡು ಸಂಸಾರ, ಅಂದರೆ ಎರಡು ಆಪರೇಟಿಂಗ್ ಸಿಸ್ಟಂ. ಈ ಅಂಕಣ ಟೈಪ್ ಮಾಡಲು ವಿಂಡೋಸ್, ಉಳಿದದ್ದಕ್ಕೆಲ್ಲ ಲಿನಕ್ಸ್. ಆನ್ ಮಾಡಿದಾಗ ಯಾವುದು ಬೇಕೆಂದು ಅದೇ ಕೇಳುತ್ತದೆ. ಲಿನಕ್ಸ್ ಕಡೆ ಇದ್ದದ್ದು ಅವ್ವನ ಸೋಬಾನೆ ಪದಗಳು. ನಾಲ್ಕು ವರ್ಷದ ಹಿಂದೆ, ಅವ್ವ ತೀರಿಕೊಳ್ಳುವ ಸ್ವಲ್ಪ ಮೊದಲು, ತಮ್ಮನ ಹೆಂಡತಿ ಫೋನಿನಲ್ಲಿ ರೆಕಾರ್ಡ್ ಮಾಡಿ ಕಳಿಸಿದ್ದಳು. ಆಮೇಲೆ ಅವಳ ಫೋನು ನಾಲೆಗೆ ಬಿತ್ತು. (ನಾನೂ ಫೋನ್ ಬದಲಿಸಿದ್ದೆ. ಹಾಗಾಗಿ ಉಳಿದದ್ದು ಕಂಪ್ಯೂಟರಿನಲ್ಲಿ ಮಾತ್ರ.)

ಲಿನಕ್ಸ್ ತುಂಬಾ ಹಳೆಯದಾಗಿತ್ತು. ಹುಣಸೂರಿನ ರಿಪೇರಿ ಅಂಗಡಿಯ ಸವಿತಾ ಮೊದಲೇ ಹೇಳಿದ್ದರು. "ಬ್ಯಾಕಪ್ ತಗೊಳ್ಳಿ ಸರ್. ಯುಪಿಎಸ್ ಸರಿ ಮಾಡ್ಸಿ. ಆಮೇಲೆ ಕೈ ಹಾಕಿ."

ಬ್ಯಾಕಪ್ ಪೆನ್‌ಡ್ರೈವ್‌ಗೆ ಅವತ್ತೇ ಹಾಕಿ ಟಿ.ವಿ. ಪಕ್ಕ ಇಟ್ಟೆ. ಯುಪಿಎಸ್? ಅರ್ಧ ಗಂಟೆಯ ಕೆಲಸ, ಅಷ್ಟರಲ್ಲಿ ಕರೆಂಟ್ ಹೋಗಿಬಿಡುತ್ತದೆಯೇ ಎಂದುಕೊಂಡೆ.

ಹೋಯಿತು.

ಬಂದ ಮೇಲೆ ನೋಡಿದರೆ ವಿಂಡೋಸೂ ಇಲ್ಲ, ಲಿನಕ್ಸೂ ಇಲ್ಲ. ಕಪ್ಪು ಪರದೆ, ಮಿಟುಕುವ ಒಂದು ಗೆರೆ. ಇರಲಿ, ಪೆನ್‌ಡ್ರೈವ್ ಇದೆಯಲ್ಲ? ಟಿ.ವಿ. ಪಕ್ಕ ಹುಡುಕಿದೆ. ಇಲ್ಲ.

"ಹೋದ ವಾರ ನಿಮ್ ತಮ್ಮ ತಗೊಂಡೋದ್ರಲ್ಲ, ಟ್ರಾಕ್ಟರ್‌ಗೆ" ಎಂದಳು ಹೆಂಡತಿ.

ನಮ್ಮ ಕಡೆ ಪೆನ್‌ಡ್ರೈವ್ ಅಂದರೆ ಟ್ರಾಕ್ಟರ್ ಸಾಮಾನು. ಉಳುವಾಗ ಹಾಡು ಬೇಕೇ ಬೇಕು. ಇದ್ದದ್ದನ್ನೆಲ್ಲ ಅಳಿಸಿ, ಅಂಗಡಿಯಲ್ಲಿ ಹೊಸ ಹಾಡು ತುಂಬಿಸಿಕೊಳ್ಳುವುದು ರೂಢಿ. ಅದು ನೆನಪಾಯಿತು.

ಗಾವಡಗೆರೆಯಲ್ಲಿರುವ ತಮ್ಮನಿಗೆ ಫೋನ್ ಮಾಡಿದೆ. ಎತ್ತಲಿಲ್ಲ. ಆರು ಸಲ ಮಾಡಿದೆ. ಟ್ರಾಕ್ಟರ್ ಸದ್ದಿನಲ್ಲಿ ರಿಂಗು ಯಾರಿಗೆ ಕೇಳಬೇಕು? ಅವ್ವನನ್ನು ಎರಡನೇ ಸಲ ಕಳೆದುಕೊಂಡೆ ಅನ್ನಿಸಿಬಿಟ್ಟಿತು.

ಏಳನೇ ಸಲ ಎತ್ತಿದ.

"ಲೋ ಶಿವಣ್ಣ, ಪೆನ್‌ಡ್ರೈವಲ್ಲಿ ಇದ್ದದ್ದು ಅಳಿಸಿದ್ಯೇನೋ?"

"ಯಾಕಳಿಸ್ಲಿ? ಅವ್ವುಂದು ಕಣಣ್ಣ. ಉಳೋವಾಗ ದಿನಾ ಅದ್ನೇ ಆಕ್ತೀನಿ."

ಕುರ್ಚಿ ಎಳೆದುಕೊಂಡು ಕುಳಿತೆ.

"ಮೂರ್ನೇ ಪದದಲ್ಲಿ ಅವ್ವ ಆಡೋದ್ ನಿಲ್ಲುಸ್ಬುಟ್ಟು, 'ದೊಡ್ಡೋನು ಬಂದ್ನಾ?' ಅಂತ ಕೇಳ್ತಾಳಲ್ಲ" ಎಂದ. "ನೀನು ಕೇಳಿರ್ಬೇಕು ಬುಡು."

ದೊಡ್ಡೋನು ಅಂದರೆ ನಾನು. ಏನೋ ಗೊಣಗಿ ಫೋನಿಟ್ಟೆ.

ಕಂಪ್ಯೂಟರನ್ನು ಸವಿತಾ ಮರುದಿನವೇ ಸರಿ ಮಾಡಿಕೊಟ್ಟರು. ಪದಗಳೂ ಹಾಗೇ ಉಳಿದಿವೆ. ಹೊಸ ಯುಪಿಎಸ್ ಬಂದಿದೆ, ಬ್ಯಾಕಪ್ ಈಗ ಎರಡು ಕಡೆ ಇದೆ.

ನಾಲ್ಕು ವರ್ಷ ಜೋಪಾನ ಮಾಡಿದೆನಲ್ಲ, ಒಂದು ಸಲವಾದರೂ ಹಾಕಿ ಕೇಳಿದ್ದೆನೇ?